ಕೊನೆಗೆ ಉಣ್ಣುವವರು ಯಾರು? – ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳ ತೂಕದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹುಬ್ಬಳ್ಳಿಯಿಂದ ಹಿಡಿದು ರಾಣೆಬೆನ್ನೂರಿನವರೆಗೆ ಬರೆದಿದ್ದೀರಿ. ಮನೆಯ ಮಗುವಿನ ಬಗ್ಗೆ ಕೇಳಿದವರಿದ್ದಾರೆ, ಸುಡಾನ್ ಬಗ್ಗೆ ಕೇಳಿದವರೂ ಇದ್ದಾರೆ. ನಾನು ಡಾಕ್ಟರ್ ಅಲ್ಲ. ರೋಣ, ಶಿರಹಟ್ಟಿ, ಕುಂದಗೋಳ ಕಡೆ ಮೂವತ್ತು ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿ ಓಡಾಡಿದವಳು. ಕಂಡದ್ದು, ಓದಿ ತಿಳಿದದ್ದು ಎರಡನ್ನೂ ಸೇರಿಸಿ ಉತ್ತರ ಕೊಡುತ್ತೇನೆ.

ಜಗತ್ತಿನಲ್ಲಿ 67 ಕೋಟಿ ಜನ ಹಸಿದಿದ್ದಾರೆ ಅಂತ ಓದಿದೆ. ಆದರೆ ಅಮರಗೋಳದ ಎಪಿಎಂಸಿಗೆ ಹೋದರೆ ಚೀಲದ ಮೇಲೆ ಚೀಲ ಬಿದ್ದಿರುತ್ತದೆ. ಹಾಗಾದರೆ ಆಹಾರ ಕಡಿಮೆ ಇರುವುದು ಎಲ್ಲಿ? ಈ ಲೆಕ್ಕ ಹಾಕುವವರು ಯಾರು?
– ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಆಹಾರ ಕಡಿಮೆ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 280 ಕೋಟಿ ಟನ್ ಕಾಳುಕಡಿ ಬೆಳೆಯುತ್ತದೆ, ಅಂದರೆ ಭತ್ತ, ಗೋಧಿ, ಮೆಕ್ಕೆಜೋಳ, ಜೋಳ ಎಲ್ಲ ಸೇರಿ. ಜನ 800 ಕೋಟಿಗೂ ಜಾಸ್ತಿ. ನೀವೇ ಭಾಗಿಸಿ ನೋಡಿ, ತಲೆಗೆ ದಿನಕ್ಕೆ ಹತ್ತಿರ ಹತ್ತಿರ ಒಂದು ಕಿಲೋ ಬರುತ್ತದೆ. ಒಬ್ಬ ಮನುಷ್ಯ ಒಂದು ಕಿಲೋ ಕಾಳು ಉಣ್ಣುತ್ತಾನಾ? ಇಲ್ಲ. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕೋಳಿ, ಹಂದಿ, ದನಗಳ ಮೇವಿಗೆ ಹೋಗುತ್ತದೆ. ಒಂದಿಷ್ಟು ಇಂಧನಕ್ಕೆ ಹೋಗುತ್ತದೆ. ಒಂದಿಷ್ಟು ಕೊಳೆಯುತ್ತದೆ. ಉಳಿದದ್ದು ದುಡ್ಡು ಇದ್ದವರ ಮನೆಗೆ ಹೋಗುತ್ತದೆ.

ಅಮರ್ತ್ಯ ಸೇನ್ ಅವರು 1981ರಲ್ಲಿ ಬರೆದದ್ದು ಇದನ್ನೇ. 1943ರ ಬಂಗಾಳದ ಬರದಲ್ಲಿ ಅಕ್ಕಿ ಪೂರ್ತಿ ಮುಗಿದು ಹೋಗಿರಲಿಲ್ಲ. ಬೆಲೆ ಏರಿತು, ಕೂಲಿ ಏರಲಿಲ್ಲ, ಕೊಳ್ಳಲಾಗದವರು ಸತ್ತರು. ಎಪಿಎಂಸಿಯಲ್ಲಿ ಚೀಲ ಬಿದ್ದಿರುವುದಕ್ಕೂ ಅದೇ ಚೀಲ ಹೊತ್ತ ಹಮಾಲನ ಮನೆಯಲ್ಲಿ ಬೇಳೆ ಇಲ್ಲದಿರುವುದಕ್ಕೂ ನಡುವೆ ಇರುವುದು ಬೆಲೆ, ಅಷ್ಟೇ.

ಲೆಕ್ಕ ಹಾಕುವುದು ವಿಶ್ವಸಂಸ್ಥೆಯ ಐದು ಸಂಸ್ಥೆಗಳು ಸೇರಿ. 2025ರಲ್ಲಿ ಬಂದ ವರದಿಯ ಪ್ರಕಾರ 2024ರಲ್ಲಿ ಹಸಿದವರು 67 ಕೋಟಿ 30 ಲಕ್ಷ, ನೂರಕ್ಕೆ ಎಂಟು ಜನ. ಅದರ ಹಿಂದಿನ ಎರಡು ವರ್ಷಕ್ಕಿಂತ ಸ್ವಲ್ಪ ಇಳಿದಿದೆ. ಇಳಿಯಲು ದಕ್ಷಿಣ ಏಷ್ಯಾ, ಅದರಲ್ಲೂ ನಮ್ಮ ದೇಶ ಒಂದು ಕಾರಣ. ಆದರೆ ಆಫ್ರಿಕಾದಲ್ಲಿ ಏರುತ್ತಲೇ ಇದೆ, ಅಲ್ಲಿ ಐವರಲ್ಲಿ ಒಬ್ಬರು ಹಸಿದಿದ್ದಾರೆ.

ಆದರೆ ಇದು ಒಂದು ಬಗೆಯ ಲೆಕ್ಕ. ಹೊಟ್ಟೆಗೆ ಬೇಕಾದಷ್ಟು ಶಕ್ತಿ ವರ್ಷವಿಡೀ ಸಿಗದವರನ್ನು ಮಾತ್ರ ಇದು ಎಣಿಸುತ್ತದೆ. ಇನ್ನೊಂದು ಲೆಕ್ಕ ಇದೆ. ಅದರಲ್ಲಿ ಜನರ ಹತ್ತಿರ ಹೋಗಿ ಎಂಟು ಪ್ರಶ್ನೆ ಕೇಳುತ್ತಾರೆ. ದುಡ್ಡಿಲ್ಲದೆ ಒಂದು ಹೊತ್ತಿನ ಊಟ ಬಿಟ್ಟಿದ್ದೀರಾ? ಮನೆಯಲ್ಲಿ ಆಹಾರ ತೀರಿಹೋಗಿತ್ತಾ? ಇಡೀ ದಿನ ಏನೂ ಉಣ್ಣದೆ ಇದ್ದಿರಾ? ಹೀಗೆ. ಆ ಲೆಕ್ಕದಲ್ಲಿ 230 ಕೋಟಿ ಜನರಿಗೆ ನಾಳಿನ ಊಟದ ಖಾತ್ರಿ ಇಲ್ಲ. ಕಾಳು, ಸೊಪ್ಪು, ಹಣ್ಣು, ಹಾಲು, ಮೊಟ್ಟೆ ಇರುವ ಒಳ್ಳೆಯ ಊಟ ಕೊಳ್ಳಲು ಆಗದವರು 260 ಕೋಟಿ. ಹಸಿವು ಬೇರೆ, ಊಟದ ಖಾತ್ರಿ ಇಲ್ಲದಿರುವುದು ಬೇರೆ, ಅಪೌಷ್ಟಿಕತೆ ಬೇರೆ. ನಮ್ಮ ಕಡೆ ಮೊದಲನೆಯದು ಕಡಿಮೆಯಾಗಿದೆ, ಮೂರನೆಯದು ಹಾಗೇ ಕೂತಿದೆ.

ಮೊಮ್ಮಗನಿಗೆ ಎರಡೂವರೆ ವರ್ಷ. ಓಡಾಡಿಕೊಂಡು ಚೆನ್ನಾಗಿದ್ದಾನೆ. ಅಂಗನವಾಡಿಯಲ್ಲಿ ಅಳೆದು 84 ಸೆಂಟಿಮೀಟರ್ ಇದ್ದಾನೆ, ಬೆಳವಣಿಗೆ ಕುಂಠಿತ ಆಗಿದೆ ಅಂದರು. ನಮ್ಮ ಮನೆತನದಲ್ಲಿ ಎಲ್ಲರೂ ಗಿಡ್ಡನೇ. ಸುಮ್ನೆ ಹೆದರಿಸುತ್ತಾರಾ?
– ಒಬ್ಬ ಅಜ್ಜಿ, ನವಲಗುಂದ

ಅಜ್ಜಿ, ಹೆದರಿಸಿಲ್ಲ. ಆ ಕಾರ್ಯಕರ್ತೆ ತನ್ನ ಕೆಲಸ ಸರಿಯಾಗಿ ಮಾಡಿದ್ದಾಳೆ. ಅವಳಿಗೆ ಒಂದು ಮಾತು ಒಳ್ಳೆಯದು ಹೇಳಿ.

ಎರಡೂವರೆ ವರ್ಷದ ಗಂಡು ಮಗು ಸಾಮಾನ್ಯವಾಗಿ 92 ಸೆಂಟಿಮೀಟರ್ ಆಸುಪಾಸು ಇರುತ್ತದೆ. 85ಕ್ಕಿಂತ ಕೆಳಗಿದ್ದರೆ ಕುಂಠಿತ ಅನ್ನುತ್ತಾರೆ. ನಿಮ್ಮವನು ಗೆರೆಯ ಸ್ವಲ್ಪ ಕೆಳಗಿದ್ದಾನೆ. 'ನಮ್ಮ ಮನೆತನನೇ ಗಿಡ್ಡ' ಅನ್ನುವ ಮಾತನ್ನು ನಾನು ಸಾವಿರ ಮನೆಯಲ್ಲಿ ಕೇಳಿದ್ದೇನೆ. ಅದಕ್ಕೆ ಉತ್ತರ ಇದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಅಳತೆಗಳನ್ನು ಹೊರತಂದಾಗ ಆರು ದೇಶದ ಮಕ್ಕಳನ್ನು ಅಳೆದಿತ್ತು. ಬ್ರೆಜಿಲ್, ಘಾನಾ, ನಾರ್ವೆ, ಓಮನ್, ಅಮೆರಿಕ, ಜೊತೆಗೆ ನಮ್ಮ ದೆಹಲಿ. ಎದೆಹಾಲು, ಒಳ್ಳೆಯ ಊಟ, ಶುದ್ಧ ನೀರು, ಚುಚ್ಚುಮದ್ದು ಎಲ್ಲ ಸಿಕ್ಕ ಮಕ್ಕಳು ಎಲ್ಲ ಕಡೆ ಸುಮಾರು ಒಂದೇ ರೀತಿ ಬೆಳೆದರು. ದೆಹಲಿಯ ಮಗು, ನಾರ್ವೆಯ ಮಗು ಅಂತ ದೊಡ್ಡ ವ್ಯತ್ಯಾಸ ಬರಲಿಲ್ಲ. ದೊಡ್ಡವರಾದ ಮೇಲೆ ಎತ್ತರ ತಂದೆ ತಾಯಿಯ ಮೇಲೆ ಹೋಗುತ್ತದೆ, ನಿಜ. ಮೊದಲ ಎರಡು ಮೂರು ವರ್ಷದಲ್ಲಿ ಜಾಸ್ತಿ ಕೆಲಸ ಮಾಡುವುದು ತಟ್ಟೆ ಮತ್ತು ನೀರು. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮನೆತನ ಗಿಡ್ಡ ಅಂತೀರಲ್ಲ, ನಿಮ್ಮ ಅತ್ತೆ ಬಸುರಿಯಾಗಿದ್ದಾಗ ಏನು ಉಂಡಿದ್ದರು, ನೀವು ಏನು ಉಂಡಿರಿ ಅಂತ ಒಮ್ಮೆ ನೆನೆಸಿಕೊಳ್ಳಿ. ಗಿಡ್ಡತನವೂ ಹಾಗೆ ತಾಯಿಯ ಹೊಟ್ಟೆಯಿಂದ ಮಗುವಿಗೆ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬಂದಿರಬಹುದು.

ಕುಂಠಿತ ಆದ ಮಗು ನೋಡಲು ಸಣ್ಣದಾಗಿ, ಚುರುಕಾಗಿ ಇರುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಜಗತ್ತಿನಲ್ಲಿ ಐದು ವರ್ಷದೊಳಗಿನ ಇಂಥ ಮಕ್ಕಳು 15 ಕೋಟಿ. ನಮ್ಮ ಕರ್ನಾಟಕದಲ್ಲಿ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನೂರಕ್ಕೆ 35. ಮೂವರಲ್ಲಿ ಒಂದು ಮಗುವಿಗಿಂತ ಜಾಸ್ತಿ, ಅದೂ ಪಡಿತರ ಅಕ್ಕಿ ಮನೆ ಮನೆಗೆ ಸಿಗುವ ರಾಜ್ಯದಲ್ಲಿ.

ಏಕೆ ಹೀಗೆ ಅಂದರೆ, ಒಂದು ಮಧ್ಯಾಹ್ನ ನೆನಪಾಗುತ್ತದೆ. ರೋಣ ತಾಲೂಕಿನ ಒಂದು ಹಳ್ಳಿ. ಹದಿನಾಲ್ಕು ತಿಂಗಳ ಹೆಣ್ಣು ಮಗು ಹೊಸ್ತಿಲ ಮೇಲೆ ಕೂತಿತ್ತು. ತಾಯಿ ಕಸ ತೆಗೆಯಲು ಹೊಲಕ್ಕೆ ಹೋಗಿದ್ದಳು, ಅಕ್ಕ ನೋಡಿಕೊಳ್ಳುತ್ತಿದ್ದಳು, ಅಕ್ಕನಿಗೆ ಏಳು ವರ್ಷ. ಊಟ ಏನು ಮಾಡಿಸಿದೆ ಅಂತ ಕೇಳಿದೆ. 'ಚಾದಾಗ ಬಿಸ್ಕಿಟ್ ಅದ್ದಿ ಕೊಟ್ಟೇನ್ರಿ' ಅಂದಳು. ಬೆಳಿಗ್ಗೆಯೂ ಅದೇ. ಅಡಿಗೆ ಮನೆಯಲ್ಲಿ ಬುಟ್ಟಿ ತುಂಬ ಜೋಳದ ರೊಟ್ಟಿ ಇತ್ತು, ಪುಂಡಿ ಪಲ್ಯ ಇತ್ತು, ಡಬ್ಬಿಯಲ್ಲಿ ಶೇಂಗಾ ಚಟ್ನಿ ಇತ್ತು. ಆದರೆ ಖಡಕ್ ರೊಟ್ಟಿ ಅಗಿಯಲು ಮಗುವಿಗೆ ಹಲ್ಲಿಲ್ಲ, ಪಲ್ಯ ಖಾರ. ಮೆತ್ತಗೆ ಕಿವುಚಿ ಬಾಯಿಗಿಡುವ ದೊಡ್ಡವರು ಮನೆಯಲ್ಲಿಲ್ಲ. ನಾನು ತೋಳಿನ ಪಟ್ಟಿ ತೆಗೆದು ಸುತ್ತಿದೆ. ಹಸಿರು, ಹಳದಿ, ಕೆಂಪು ಬಣ್ಣದ ಕಾಗದದ ಪಟ್ಟಿ ಅದು. ಹನ್ನೆರಡೂವರೆ ಸೆಂಟಿಮೀಟರ್‌ಗಿಂತ ಕಡಿಮೆ ಆದರೆ ಹಳದಿ, ಹನ್ನೊಂದೂವರೆಗಿಂತ ಕಡಿಮೆ ಆದರೆ ಕೆಂಪು. ಆ ತೋಳು ಹಳದಿಯ ಕೊನೆಯಲ್ಲಿ ನಿಂತಿತು, ಕೆಂಪಿಗೆ ಒಂದು ನೂಲು ಬಾಕಿ. ಆ ಮನೆಯಲ್ಲಿ ಊಟಕ್ಕೆ ಬರ ಇರಲಿಲ್ಲ, ಆದರೂ ಆ ಮಗು ಹಸಿದಿತ್ತು.

ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುವುದು ಸುಮಾರು 11 ಮಕ್ಕಳಿಗೆ ಮಾತ್ರ. ಅದೇ ಸಮೀಕ್ಷೆಯ ಲೆಕ್ಕ. ನನಗೆ ಎಲ್ಲಕ್ಕಿಂತ ಸಂಕಟ ಕೊಡುವ ಅಂಕಿ ಇದು.

ಈಗ ನೀವು ಮಾಡಬೇಕಾದ್ದು. ಮಗುವಿಗೆ ಬೇರೆ ತಟ್ಟೆ ಇಡಿ. ದೊಡ್ಡವರ ತಟ್ಟೆಯಿಂದ ತುತ್ತು ಕೊಟ್ಟರೆ ಎಷ್ಟು ಉಂಡ ಅಂತ ಗೊತ್ತಾಗಲ್ಲ. ದಿನಕ್ಕೆ ಮೂರು ಸಲ ಊಟ, ನಡುವೆ ಎರಡು ಸಲ ಏನಾದರೂ. ರೊಟ್ಟಿಯನ್ನು ಹಾಲಲ್ಲೋ ಬೇಳೆ ಕಟ್ಟಿನಲ್ಲೋ ನೆನೆಸಿ, ಮೇಲೆ ಒಂದು ಚಮಚ ತುಪ್ಪ ಇಲ್ಲವೇ ಎಣ್ಣೆ. ಸಣ್ಣ ಹೊಟ್ಟೆ, ಹೆಚ್ಚು ಹಿಡಿಯಲ್ಲ, ಹಾಗಾಗಿ ಗಟ್ಟಿಯಾಗಿರಬೇಕು. ನೀವು ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ. ಇಲ್ಲದಿದ್ದರೆ ಹೆಸರುಕಾಳು, ಮೊಸರು, ಶೇಂಗಾ ಪುಡಿ. ಚಹಾ ಪೂರ್ತಿ ಬಿಡಿಸಿ. ಕೈ ತೊಳೆಯದೆ ತಿನ್ನಿಸಬೇಡಿ. ಪದೇ ಪದೇ ಭೇದಿ ಆಗುವ ಮಗುವಿಗೆ ಎಷ್ಟು ಉಣಿಸಿದರೂ ಮೈಗೆ ಹತ್ತಲ್ಲ. ತಿಂಗಳಿಗೊಮ್ಮೆ ತೂಕ ನೋಡಿಸಿ. ಮೂರು ತಿಂಗಳಾದರೂ ತೂಕ ಏರದಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಹೋಗಿ, ಬೇರೆ ಕಾಯಿಲೆ ಇರಬಹುದು. ಕಳೆದುಹೋದ ಎತ್ತರ ಪೂರ್ತಿ ವಾಪಸ್ ಬರುವುದು ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಇನ್ನೂ ಕೆಳಗೆ ಹೋಗದಂತೆ ಹಿಡಿಯಬಹುದು. ಮಿದುಳು ಈಗಲೂ ಬೆಳೆಯುತ್ತಿದೆ, ತಡ ಮಾಡಬೇಡಿ.

ಸೊಸೈಟಿ ಅಕ್ಕಿಯಲ್ಲಿ ಪ್ಲಾಸ್ಟಿಕ್ ಅಕ್ಕಿ ಬೆರೆಸುತ್ತಾರೆ. ನೀರಿಗೆ ಹಾಕಿದರೆ ತೇಲುತ್ತದೆ. ಆರಿಸಿ ಒಗೆಯುತ್ತಿದ್ದೇವೆ. ಸರಿ ಅಲ್ವಾ?
– ಗೃಹಿಣಿ, ಶಿರಹಟ್ಟಿ

ಆರಿಸಬೇಡಿ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಜೀವಸತ್ವ ಸೇರಿಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಮತ್ತೆ ಅಕ್ಕಿಯ ಆಕಾರಕ್ಕೆ ಕತ್ತರಿಸುತ್ತಾರೆ. ಇದಕ್ಕೆ ಸಾರವರ್ಧಿತ ಅಕ್ಕಿ ಅನ್ನುತ್ತಾರೆ. ನೂರು ಕಿಲೋ ಅಕ್ಕಿಗೆ ಒಂದು ಕಿಲೋ ಲೆಕ್ಕದಲ್ಲಿ ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದರಿಂದ ಸ್ವಲ್ಪ ಹಗುರ, ಬಣ್ಣ ಸ್ವಲ್ಪ ಬೇರೆ, ಅದಕ್ಕೇ ತೇಲಬಹುದು. ನೀವು ಹೆದರಿದ್ದು ತಪ್ಪಲ್ಲ. ಚೀಲದ ಜೊತೆ ಯಾರಾದರೂ ಎರಡು ಮಾತು ಹೇಳಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. ನಾನು ಕೆಲಸದಲ್ಲಿದ್ದಾಗಲೂ ಹೀಗೇ, ಹೊಸ ಸಾಮಾನು ಮೊದಲು ಬರುತ್ತಿತ್ತು, ಅದರ ಬಗ್ಗೆ ಮಾಹಿತಿ ಮೂರು ತಿಂಗಳು ಕಳೆದು ಬರುತ್ತಿತ್ತು. ಅಷ್ಟರಲ್ಲಿ ಊರಲ್ಲಿ ವಾಟ್ಸಾಪ್ ಸುದ್ದಿ ಹರಡಿ ಆಗಿರುತ್ತಿತ್ತು.

ಒಂದು ಮಾತು ಮಾತ್ರ. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ, ಅಂದರೆ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ, ಇದ್ದರೆ ಡಾಕ್ಟರ್‌ಗೆ ಕೇಳಿ ಉಣ್ಣಿ. ಇನ್ನು, ಈ ಅಕ್ಕಿ ಇದೆ ಅಂತ ಬೇಳೆ, ಸೊಪ್ಪು ಬಿಡುವ ಹಾಗಿಲ್ಲ. ಪಡಿತರದಲ್ಲಿ ಅಕ್ಕಿ ಜೊತೆ ಬೇಳೆ, ಎಣ್ಣೆಯೂ ಖಾಯಂ ಆಗಿ ಸಿಗಬೇಕು ಅನ್ನುವುದು ನನ್ನ ಹಳೆಯ ಬೇಡಿಕೆ. ಬರೀ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ರಕ್ತ ತುಂಬಲ್ಲ.

ಜಾಗತಿಕ ಹಸಿವು ಸೂಚ್ಯಂಕದಲ್ಲಿ ಭಾರತ 102ನೇ ಸ್ಥಾನ ಅಂತ ಬಂತು. ಸರ್ಕಾರ ಅದು ತಪ್ಪು ಲೆಕ್ಕ ಅನ್ನುತ್ತದೆ. ಯಾರನ್ನು ನಂಬಬೇಕು?
– ನಿವೃತ್ತ ಶಿಕ್ಷಕರು, ಗದಗ

ಮಾಸ್ತರರೇ, ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. 2025ರ ಸೂಚ್ಯಂಕದಲ್ಲಿ 123 ದೇಶಗಳಲ್ಲಿ ನಾವು 102. ಅಂಕ 25.8. ಅವರ ಪಟ್ಟಿಯಲ್ಲಿ ಅದು 'ಗಂಭೀರ' ಅನ್ನುವ ಗುಂಪು. ಇದಕ್ಕೆ ನಾಲ್ಕು ಸಂಗತಿ ಸೇರಿಸುತ್ತಾರೆ. ಸಾಕಷ್ಟು ಶಕ್ತಿ ಸಿಗದ ಜನ ಎಷ್ಟು, ಕುಂಠಿತ ಮಕ್ಕಳು ಎಷ್ಟು, ಎತ್ತರಕ್ಕೆ ತಕ್ಕ ತೂಕ ಇಲ್ಲದ ಸೊರಗಿದ ಮಕ್ಕಳು ಎಷ್ಟು, ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳು ಎಷ್ಟು. ನಾಲ್ಕರಲ್ಲಿ ಮೂರು ಮಕ್ಕಳದ್ದೇ. ಮಕ್ಕಳ ಆರೋಗ್ಯವನ್ನು ಇಡೀ ದೇಶದ ಹಸಿವು ಅಂತ ಕರೆಯುವುದು ಹೇಗೆ ಅಂತ ಸರ್ಕಾರ ಕೇಳುತ್ತದೆ, ಕೇಳಬೇಕಾದ ಪ್ರಶ್ನೆಯೇ. ಮೂರು ಸಾವಿರ ಜನರನ್ನು ಕೇಳಿ ನೂರಾ ನಲವತ್ತು ಕೋಟಿಯ ಲೆಕ್ಕ ಹಾಕುತ್ತಾರೆ ಅನ್ನುವ ಆಕ್ಷೇಪವೂ ಇತ್ತು.

ಸರಿ, ಆ ಪಟ್ಟಿಯನ್ನು ಪಕ್ಕಕ್ಕಿಡೋಣ. ಸ್ಥಾನ 102 ಆದರೇನು, 95 ಆದರೇನು. ನಮ್ಮದೇ ಸರ್ಕಾರ ಮನೆ ಮನೆಗೆ ಹೋಗಿ ಮಕ್ಕಳನ್ನು ತೂಗಿ, ಅಳೆದು, ಬೆರಳು ಚುಚ್ಚಿ ರಕ್ತ ನೋಡಿ ಬರೆದ 2019-21ರ ಆ ಸಮೀಕ್ಷೆ ಇದೆಯಲ್ಲ. ಅದರಲ್ಲಿ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35.5 ಕುಂಠಿತ, 19.3 ಸೊರಗಿದವರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ 67 ಮಂದಿಗೆ ರಕ್ತಹೀನತೆ. ಹೆಂಗಸರಲ್ಲಿ 57. ಇದು ಯಾವ ವಿದೇಶಿಯವರ ಲೆಕ್ಕವೂ ಅಲ್ಲ.

ಸೊರಗಿದ ಮಕ್ಕಳ ಪ್ರಮಾಣದಲ್ಲಿ ನಾವು ಜಗತ್ತಿನಲ್ಲೇ ತೀರಾ ಮೇಲಿನ ಸಾಲಿನಲ್ಲಿದ್ದೇವೆ. ಅದೇ ಹೊತ್ತಿಗೆ ಶಿಶು ಮರಣ ಎಷ್ಟೋ ಇಳಿದಿದೆ, ನಮ್ಮ ಅಂಕವೂ 2000ದಿಂದ ಚೆನ್ನಾಗಿ ಸುಧಾರಿಸಿದೆ. ಮಗು ಸಾಯದಂತೆ ನೋಡಿಕೊಳ್ಳಲು ಕಲಿತಿದ್ದೇವೆ. ಬದುಕಿದ ಮಗು ಬೆಳೆಯುವಂತೆ ಮಾಡುವುದು ಬಾಕಿ ಇದೆ. ಅವಮಾನ ಪಟ್ಟುಕೊಳ್ಳುವುದೇ ಆದರೆ ನಾನು ಆ 19.3ಕ್ಕೆ ಪಡುತ್ತೇನೆ.

2023ರಲ್ಲಿ ಅಕ್ಕಿ ರಫ್ತು ನಿಲ್ಲಿಸಿದರು, ಆಮೇಲೆ ಉಳ್ಳಾಗಡ್ಡಿ ರಫ್ತೂ ನಿಲ್ಲಿಸಿದರು. ನಮಗೆ ರೇಟ್ ಬಿತ್ತು. ಇದರಿಂದ ಹಸಿದವರಿಗೆ ಏನಾದರೂ ಲಾಭ ಆಯ್ತಾ?
– ರೈತ, ಗದಗ ತಾಲೂಕು

ಕೊಳ್ಳುವವರಿಗೆ ಸ್ವಲ್ಪ ಆಯಿತು, ನಿಮಗೆ ನಷ್ಟ ಆಯಿತು, ಸಮುದ್ರದಾಚೆ ಇನ್ನೂ ಬಡವರಿಗೆ ಪೆಟ್ಟು ಬಿತ್ತು. ಜಗತ್ತಿನಲ್ಲಿ ಮಾರಾಟಕ್ಕೆ ಬರುವ ಅಕ್ಕಿಯಲ್ಲಿ ಸುಮಾರು ನೂರಕ್ಕೆ ನಲವತ್ತು ಭಾಗ ನಮ್ಮದು. ಜುಲೈ 2023ರಲ್ಲಿ ಬಾಸ್ಮತಿ ಅಲ್ಲದ ಬಿಳಿ ಅಕ್ಕಿ ನಿಲ್ಲಿಸಿದ ಮರು ತಿಂಗಳೇ ಜಗತ್ತಿನ ಅಕ್ಕಿ ಬೆಲೆ ಹದಿನೈದು ವರ್ಷದಲ್ಲೇ ಮೇಲಕ್ಕೆ ಹೋಯಿತು. ನಮ್ಮ ಅಕ್ಕಿ ಕೊಳ್ಳುವವರಲ್ಲಿ ಬೆನಿನ್, ಸೆನೆಗಲ್‌ನಂಥ ಪಶ್ಚಿಮ ಆಫ್ರಿಕಾದ ದೇಶಗಳಿವೆ. 2024ರ ಸೆಪ್ಟೆಂಬರ್‌ನಲ್ಲಿ ಆ ನಿಷೇಧ ತೆಗೆದರು. ಉಳ್ಳಾಗಡ್ಡಿಯದು ಡಿಸೆಂಬರ್ 2023ರಿಂದ ಮೇ 2024ರವರೆಗೆ ಇತ್ತು. 2023ರಲ್ಲಿ ನಮ್ಮ ರಾಜ್ಯದಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆಯಾಗಿತ್ತು, ಮೊದಲೇ ಇಳುವರಿ ಇರಲಿಲ್ಲ. ಬೆಲೆ ಏರಿದಾಗ ರೈತನ ಕೈ ಕಟ್ಟುವ ಬದಲು ಬಡವನ ಕೈಗೆ ದುಡ್ಡೋ ಕಾಳೋ ಕೊಡುವುದು ಸರಿ ಅಂತ ನನ್ನ ಅಭಿಪ್ರಾಯ. ಈ ಮಾತು ಒಪ್ಪದವರೂ ಇದ್ದಾರೆ.

ಟಿವಿಯಲ್ಲಿ ಸುಡಾನ್, ಗಾಜಾ ನೋಡಿ ನಿದ್ದೆ ಬರಲಿಲ್ಲ. 'ಕ್ಷಾಮ ಘೋಷಣೆ' ಅಂದರೆ ಏನು? ಅದಕ್ಕೂ ಮೊದಲೇ ಸಹಾಯ ಮಾಡಬಾರದಾ?
– ಪಿಯುಸಿ ವಿದ್ಯಾರ್ಥಿನಿ, ರಾಣೆಬೆನ್ನೂರು

ಮಗಳೇ, ನಿನ್ನ ಎರಡನೇ ಪ್ರಶ್ನೆ ನನ್ನದೂ ಹೌದು.

ಹಸಿವಿಗೆ ಐದು ಹಂತ ಮಾಡಿದ್ದಾರೆ. ಕೊನೆಯದು ಕ್ಷಾಮ. ಒಂದು ಪ್ರದೇಶದಲ್ಲಿ ಐದರಲ್ಲಿ ಒಂದು ಮನೆಗೆ ಏನೂ ಇಲ್ಲದ ಸ್ಥಿತಿ ಬಂದಿರಬೇಕು, ನೂರಕ್ಕೆ 30 ಮಕ್ಕಳು ತೀವ್ರವಾಗಿ ಸೊರಗಿರಬೇಕು, ಹತ್ತು ಸಾವಿರ ಜನರಲ್ಲಿ ದಿನಕ್ಕೆ ಇಬ್ಬರಾದರೂ ಹಸಿವಿನಿಂದ, ಅದಕ್ಕೆ ಅಂಟಿದ ಕಾಯಿಲೆಯಿಂದ ಸಾಯುತ್ತಿರಬೇಕು. ಆಗ ಕ್ಷಾಮ ಅನ್ನುತ್ತಾರೆ. ಅಷ್ಟು ಆದ ಮೇಲೆ ಹೇಳುವುದು ಅಂದರೆ ಹೆಣ ಎಣಿಸಿ ಹೇಳಿದ ಹಾಗೆ ಅಲ್ವಾ? ಸೊಮಾಲಿಯಾದಲ್ಲಿ 2011ರಲ್ಲಿ ಹಾಗೇ ಆಯಿತು. ಸತ್ತವರು ಸುಮಾರು 2 ಲಕ್ಷ 60 ಸಾವಿರ, ಅರ್ಧಕ್ಕಿಂತ ಜಾಸ್ತಿ ಐದು ವರ್ಷದೊಳಗಿನ ಮಕ್ಕಳು. ಘೋಷಣೆ ಬರುವ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಜನ ಆಗಲೇ ಹೋಗಿದ್ದರು. ಹಾಗಾಗಿ ಮೂರನೇ ಹಂತ, ನಾಲ್ಕನೇ ಹಂತದಲ್ಲೇ ಕಾಳು ಹೋಗಬೇಕು. 2024ರಲ್ಲಿ ಮೂರನೇ ಹಂತ ಮತ್ತು ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದವರು 53 ದೇಶಗಳಲ್ಲಿ ಇಪ್ಪತ್ತೊಂಬತ್ತೂವರೆ ಕೋಟಿ. ಆದರೆ ದುಡ್ಡು? 2020ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ವಿಶ್ವ ಆಹಾರ ಕಾರ್ಯಕ್ರಮಕ್ಕೇ 2025ರಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು ನೂರಕ್ಕೆ ನಲವತ್ತು ಕಡಿಮೆ ಬಂತು.

ಸುಡಾನ್‌ನಲ್ಲಿ 2023ರ ಏಪ್ರಿಲ್ 15ರಂದು ಯುದ್ಧ ಶುರುವಾಯಿತು. 2024ರ ಆಗಸ್ಟ್‌ನಲ್ಲಿ ಜಮ್‌ಜಮ್ ಅನ್ನುವ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮ ಅಂದರು. ಅದರ ಪಕ್ಕದ ಎಲ್ ಫಾಶರ್ ಪಟ್ಟಣವನ್ನು ಐನೂರಕ್ಕೂ ಹೆಚ್ಚು ದಿನ ಸುತ್ತುವರಿದು ಇಟ್ಟರು. ಒಳಗೆ ಏನೂ ಹೋಗಲು ಬಿಡಲಿಲ್ಲ. ಅಲ್ಲಿನ ಜನ ಅಂಬಾಜ್ ತಿಂದು ಬದುಕಿದರು. ಅಂಬಾಜ್ ಏನು ಗೊತ್ತಾ? ಶೇಂಗಾ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ನಾವು ಎಮ್ಮೆಗೆ ನೆನೆಸಿ ಇಡುವ ಅದೇ ಹಿಂಡಿ. ಸುಡಾನ್ ಜಗತ್ತಿನಲ್ಲೇ ಜಾಸ್ತಿ ಶೇಂಗಾ ಬೆಳೆಯುವ ದೇಶಗಳಲ್ಲಿ ಒಂದು. ಈ ಸುದ್ದಿ ಓದಿದ ದಿನ ನಮ್ಮ ಹಿತ್ತಲಲ್ಲಿ ಹಿಂಡಿಯ ಬಕೆಟ್ ಇತ್ತು. ಒಂದು ಚೂರು ಮುರಿದು ಬಾಯಿಗೆ ಹಾಕಿ ನೋಡಿದೆ. ಮರಳು ಜಗಿದ ಹಾಗೆ ಇತ್ತು, ಗಂಟಲಲ್ಲಿ ಇಳಿಯಲಿಲ್ಲ.

ಗಾಜಾದಲ್ಲಿ 2025ರ ಆಗಸ್ಟ್ 22ರಂದು ಕ್ಷಾಮ ಘೋಷಿಸಿದರು. ಅಕ್ಟೋಬರ್‌ನಲ್ಲಿ ಕದನವಿರಾಮ ಆಗಿ ಲಾರಿಗಳು ಒಳಗೆ ಹೋಗತೊಡಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ಕ್ಷಾಮದ ಹಂತ ದಾಟಿ ಹೊರಬಂತು, ಹಸಿವು ಪೂರ್ತಿ ಹೋಗದಿದ್ದರೂ. ಬಾಗಿಲು ಮುಚ್ಚಿದ್ದರಿಂದ ಬಂದದ್ದು, ಬಾಗಿಲು ತೆರೆದಾಗ ತಗ್ಗಿತು. ಮಳೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ನಮ್ಮ ಕಡೆಯೂ ಇದನ್ನು ಕಂಡಿದ್ದೇವೆ. 1876ರಿಂದ 78ರ ಬರ, ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದರು, ಆ ಸಂವತ್ಸರಗಳ ಹೆಸರಿನಿಂದ. ಆಗಿನ ಧಾರವಾಡ ಜಿಲ್ಲೆಯೂ, ಅಂದರೆ ಹೆಚ್ಚುಕಡಿಮೆ ಇವತ್ತಿನ ಧಾರವಾಡ, ಗದಗ, ಹಾವೇರಿ ಮೂರೂ, ಅದಕ್ಕೆ ಸಿಕ್ಕಿತ್ತು. ಮಳೆ ಹೋಗಿತ್ತು, ನಿಜ. ಆದರೆ ಅದೇ ಹೊತ್ತಿನಲ್ಲಿ ಈ ದೇಶದಿಂದ ಇಂಗ್ಲೆಂಡಿಗೆ ಗೋಧಿ ಹಡಗು ಹೋಗುತ್ತಲೇ ಇದ್ದವು. ಬರದ ಕಾಮಗಾರಿಗೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಅಂದರೆ ಸುಮಾರು 450 ಗ್ರಾಂ, ಮೇಲೆ ಒಂದು ಆಣೆ, ಇಷ್ಟೇ ಕೂಲಿ ಸಾಕು ಅಂತ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಗೊತ್ತು ಮಾಡಿದ, ಇಡೀ ದಿನ ಕಲ್ಲು ಒಡೆದವನಿಗೆ. ಬ್ರಿಟಿಷರ ಆಳ್ವಿಕೆಯ ಕಡೆ ಸತ್ತವರು ಐವತ್ತು ಲಕ್ಷಕ್ಕೂ ಹೆಚ್ಚು. ಸಮೀಕ್ಷೆ ಇಲ್ಲ, ಟಿವಿ ಇಲ್ಲ. ನೀನು ನಿದ್ದೆ ಕೆಡಿಸಿಕೊಂಡೆಯಲ್ಲ, ಆಗ ಲಂಡನ್‌ನಲ್ಲಿ ನಮಗಾಗಿ ನಿದ್ದೆ ಕೆಟ್ಟವರು ಇನ್ನಷ್ಟು ಜನ ಇದ್ದಿದ್ದರೆ ಅಂತ ಅನಿಸುತ್ತದೆ.

ಮದುವೆ ಮಂಟಪದಲ್ಲಿ ಎಲೆಯ ಮೇಲೆ ಬಿಡುವ ಅನ್ನ ಉಳಿಸಿದರೆ ಹಸಿವು ಹೋಗುತ್ತದಾ?
– ಹುಬ್ಬಳ್ಳಿ

ಅದರಿಂದಲೇ ಹೋಗಲ್ಲ, ಆದರೂ ಬಿಡಬಾರದು. 2022ರಲ್ಲಿ ಜಗತ್ತಿನ ಮನೆ, ಹೋಟೆಲ್, ಅಂಗಡಿಗಳಿಂದ ತಿಪ್ಪೆಗೆ ಹೋದದ್ದು 105 ಕೋಟಿ ಟನ್, ಅದರಲ್ಲಿ ನೂರಕ್ಕೆ 60 ಮನೆಗಳಿಂದಲೇ. ಮಂಟಪದವರನ್ನು ಬಯ್ಯುವ ಮೊದಲು ನಮ್ಮ ಫ್ರಿಜ್ ನೋಡಿಕೊಳ್ಳೋಣ.

ಅಮ್ಮನಿಗೆ 42 ವರ್ಷ. ಹಿಮೋಗ್ಲೋಬಿನ್ 8.2 ಬಂತು. ಮನೆಯಲ್ಲಿ ಊಟಕ್ಕೆ ಕೊರತೆ ಇಲ್ಲ. ಹಾಗಾದರೂ ಯಾಕೆ?
– ಮಗಳು, ಧಾರವಾಡ

ನಿನ್ನ ಪತ್ರದಲ್ಲೇ ಒಂದು ಸಾಲು ಇದೆ: 'ಅಮ್ಮ ಎಲ್ಲರದ್ದೂ ಆದ ಮೇಲೆ ಉಣ್ಣುತ್ತಾಳೆ.' ಅದನ್ನು ನೀನು ಸುಮ್ನೆ ಬರೆದಿದ್ದೀಯ, ನನಗೆ ಉತ್ತರ ಅಲ್ಲೇ ಸಿಕ್ಕಿತು.

ಬಸುರಿಯಲ್ಲದ ಹೆಂಗಸಿಗೆ 12 ಇರಬೇಕು. 8.2 ಅಂದರೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ, ತಲೆ ಸುತ್ತುತ್ತದೆ, ಅವರು ಅದನ್ನು ವಯಸ್ಸು ಅಂತ ಸುಮ್ಮನಿರುತ್ತಾರೆ. ಕರ್ನಾಟಕದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಜಗತ್ತಿನ ಲೆಕ್ಕದಲ್ಲೂ 15ರಿಂದ 49ರ ಹೆಂಗಸರಲ್ಲಿ ನೂರಕ್ಕೆ 30.7. ಊಟದ ಖಾತ್ರಿ ಇಲ್ಲದವರಲ್ಲೂ ಗಂಡಸರಿಗಿಂತ ಹೆಂಗಸರೇ ಜಾಸ್ತಿ.

ಕೊನೆಗೆ ಉಣ್ಣುವವರ ತಟ್ಟೆ ನಾನು ತುಂಬ ನೋಡಿದ್ದೇನೆ. ರೊಟ್ಟಿ ಇರುತ್ತದೆ. ಪಲ್ಯದ ಪಾತ್ರೆಯ ತಳದಲ್ಲಿ ಮಸಾಲೆ ಇರುತ್ತದೆ, ಬದನೆಕಾಯಿ ಇರುವುದಿಲ್ಲ. ಬೇಳೆ ಕೆಳಗೆ ಹೋಗಿ ಮೇಲೆ ತಿಳಿ ನೀರು. ಮೊಸರು ಮುಗಿದಿರುತ್ತದೆ. ಅವರು ಅದಕ್ಕೆ ಹಸಿ ಮೆಣಸಿನಕಾಯಿ ಕಚ್ಚಿಕೊಂಡು ಉಂಡು, ಮೇಲೆ ಒಂದು ಲೋಟ ಚಹಾ ಕುಡಿಯುತ್ತಾರೆ. ಊಟದ ಜೊತೆ ಚಹಾ ಕುಡಿದರೆ ಇದ್ದ ಕಬ್ಬಿಣದ ಅಂಶವೂ ಮೈಗೆ ಸರಿಯಾಗಿ ಸೇರಲ್ಲ.

ಮೊದಲು ಡಾಕ್ಟರ್‌ಗೆ ತೋರಿಸು. ಮುಟ್ಟಿನ ರಕ್ತ ಜಾಸ್ತಿ ಹೋಗುತ್ತಿದೆಯಾ ಅಂತ ನೋಡಬೇಕು, ಈ ವಯಸ್ಸಿನಲ್ಲಿ ಅದು ದೊಡ್ಡ ಕಾರಣ. ಕಬ್ಬಿಣದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ನಿಂಬೆ ಪಾನಕದ ಜೊತೆ ಕೊಡು, ಚಹಾಕ್ಕೂ ಮಾತ್ರೆಗೂ ಎರಡು ತಾಸು ಅಂತರ ಇರಲಿ. ಮಲ ಕಪ್ಪಾಗುತ್ತದೆ, ಹೆದರಬೇಡಿ ಅಂತ ಮೊದಲೇ ಹೇಳು, ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ನಿಲ್ಲಿಸುತ್ತಾರೆ. ಊಟಕ್ಕೆ ಸಜ್ಜಿ ರೊಟ್ಟಿ, ರಾಜಗಿರಿ ಸೊಪ್ಪು, ಮಡಿಕೆ ಕಾಳು, ಗುರೆಳ್ಳು ಚಟ್ನಿ, ಎಲ್ಲ ನಮ್ಮ ಮನೆಯದ್ದೇ. ಮತ್ತೆ ಇವತ್ತು ರಾತ್ರಿಯಿಂದ ನೀನು, ಅಪ್ಪ, ಅಣ್ಣ, ಅಮ್ಮ ಒಟ್ಟಿಗೆ ಕೂತುಕೊಳ್ಳಿ. ಬಿಸಿ ರೊಟ್ಟಿ ಬೇಕು ಅನ್ನುವವರು ಎದ್ದು ತಾವೇ ಬಡಿಯಲಿ. ಮೂರು ತಿಂಗಳ ನಂತರ ಮತ್ತೆ ರಕ್ತ ನೋಡಿಸಿ ನನಗೆ ಬರೆ.

ಆಫ್ರಿಕಾದಲ್ಲಿ ಸೊರಗಿದ ಮಕ್ಕಳಿಗೆ ಶೇಂಗಾ ಪೇಸ್ಟ್ ಕೊಡುತ್ತಾರಂತೆ. ನಮ್ಮಲ್ಲೇ ಇಷ್ಟು ಶೇಂಗಾ ಇದೆ, ಮನೆಯಲ್ಲೇ ಮಾಡಬಹುದಾ?
– ಅಂಗನವಾಡಿ ಕಾರ್ಯಕರ್ತೆ, ಹಾವೇರಿ ಜಿಲ್ಲೆ

ಹೌದು, ಇದೆ. 1990ರ ದಶಕದಲ್ಲಿ ಫ್ರಾನ್ಸ್‌ನ ಆಂಡ್ರೆ ಬ್ರಿಯಾಂಡ್ ಅನ್ನುವ ಮಕ್ಕಳ ಡಾಕ್ಟರ್ ಮಾಡಿಸಿದ್ದು. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ಅಳತೆಯ ಜೀವಸತ್ವ ಮತ್ತು ಖನಿಜ. 92 ಗ್ರಾಂನ ಚಿಕ್ಕ ಪೊಟ್ಟಣ, ಅದರಲ್ಲಿ 500 ಕ್ಯಾಲರಿ. ನೀರು ಬೇಡ, ಒಲೆ ಬೇಡ, ಅದಕ್ಕೇ ನೀರೇ ಇಲ್ಲದ ಶಿಬಿರದಲ್ಲೂ ಕೊಡಬಹುದು. ಅದು ಬರುವ ಮೊದಲು ಸೊರಗಿದ ಮಗುವನ್ನು ವಾರಗಟ್ಟಲೆ ಆಸ್ಪತ್ರೆಯಲ್ಲೇ ಇಡಬೇಕಿತ್ತು. ಈಗ ಬೇರೆ ಕಾಯಿಲೆ ಇಲ್ಲದ, ಹಸಿವಾಗಿ ಉಣ್ಣುವ ಮಗುವಾದರೆ ಮನೆಯಲ್ಲೇ ಸುಧಾರಿಸುತ್ತದೆ.

ಆದರೆ ತೋಳಿನ ಪಟ್ಟಿ ಕೆಂಪು ತೋರಿಸಿದ ಮಗುವಿಗೆ ಮನೆಯ ಶೇಂಗಾ ಉಂಡೆ ಔಷಧಿ ಅಲ್ಲ, ತಂಗಿ. ಪಾದದ ಮೇಲೆ ಹೆಬ್ಬೆರಳು ಒತ್ತಿ, ಮೂರು ಎಣಿಸಿ ತೆಗೆದಾಗ ತಗ್ಗು ಹಾಗೇ ಉಳಿದರೆ, ಎರಡೂ ಪಾದದಲ್ಲಿ ಹಾಗೇ ಆದರೆ, ಒಂದು ದಿನವೂ ಕಾಯಬೇಡ. ಜಿಲ್ಲಾ ಆಸ್ಪತ್ರೆಯ ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಕಳಿಸು. ಹದಿನಾಲ್ಕು ದಿನ ಇರಬೇಕಾಗುತ್ತದೆ. ತಾಯಿ ಒಪ್ಪಲ್ಲ, ನನಗೆ ಗೊತ್ತು. ಕೂಲಿ ಹೋಗುತ್ತದೆ, ಮನೆಯಲ್ಲಿ ಇನ್ನಿಬ್ಬರು ಮಕ್ಕಳು, ಎಮ್ಮೆ ಕರೆಯುವವರು ಯಾರು. ಕುಂದಗೋಳ ಕಡೆ ಒಬ್ಬ ತಾಯಿ ಮೂರು ಸಲ ಬಸ್ ನಿಲ್ದಾಣದಿಂದ ವಾಪಸ್ ಹೋದಳು. ನಾಲ್ಕನೇ ಸಲ ಅವಳ ಅತ್ತೆಯನ್ನು ಕೂರಿಸಿಕೊಂಡು ಮಾತಾಡಿದೆ. ಅತ್ತೆಯೇ ಮಗುವನ್ನು ಎತ್ತಿಕೊಂಡು ಬಸ್ ಹತ್ತಿದರು. ಹಾಗಾಗಿ ತಾಯಿಗಿಂತ ಮೊದಲು ಅತ್ತೆಗೆ ಪಾದ ಒತ್ತಿ ತೋರಿಸು.

ಹಸಿರು, ಹಳದಿಯಲ್ಲಿರುವ ಮಕ್ಕಳಿಗೆ ಮಾತ್ರ ಮನೆಯ ಶೇಂಗಾ ಧಾರಾಳ ಕೊಡಬಹುದು. ಬೂಷ್ಟು ಹಿಡಿದ ಶೇಂಗಾ ಬೇಡ, ಅದರಲ್ಲಿ ವಿಷ ಇರುತ್ತದೆ. ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ. ಇಡೀ ಕಾಳು ಕೊಡಬೇಡಿ, ಗಂಟಲಲ್ಲಿ ಸಿಕ್ಕುತ್ತದೆ. ಬೆಲ್ಲ, ಹಾಲು ಸೇರಿಸಿ ಗಟ್ಟಿಯಾಗಿ ಕಲಸಿ, ಮಗುವಿನ ಬೇರೆ ತಟ್ಟೆಯಲ್ಲಿ ಹಾಕಿ, ಪಕ್ಕದಲ್ಲಿ ಯಾರಾದರೂ ದೊಡ್ಡವರು ಕೂತು ತಿನ್ನಿಸಿ.